ಬರಿದಾಗುವ ಊರು ಮತ್ತು ಕನ್ನಡ ಕಾದಂಬರಿ

ಊರೊಂದು ಇಲ್ಲವಾಗುವುದಕ್ಕೆ ಹಳೆಯ ಕನ್ನಡ ಶಾಸನಗಳಲ್ಲಿ ಒಂದು ಮಾತುಂಟು: ಊರಳಿವು. ವೀರಗಲ್ಲುಗಳ ಬರಹದಲ್ಲಿ ತುರುಗೊಳ್, ಪೆಣ್ಬುಯ್ಯಲ್ ಎಂಬ ಮಾತುಗಳ ಸಾಲಿನಲ್ಲಿಯೇ ಇದೂ ಬರುತ್ತದೆ. ಹಗೆಯ ದಂಡು ಊರ ಮೇಲೆ ಬಿದ್ದಿತು. ಒಬ್ಬ ಬಂಟನು ಎದುರು ನಿಂತು ಕಾದಿ ಸತ್ತನು. ದೇವಾಂಗನೆಯರು ಅವನನ್ನು ಕರೆದೊಯ್ದರು. ಉಳಿದವರು ಕಲ್ಲು ನಿಲ್ಲಿಸಿದರು. ಇಲ್ಲಿ ಅಳಿವು ಒಂದು ದಿನದ ಘಟನೆ. ಅದಕ್ಕೆ ಶತ್ರುವುಂಟು, ವೀರನುಂಟು, ಸಾಕ್ಷಿಯಾಗಿ ಶಿಲೆಯುಂಟು. ಕವಿಗೂ ಶಿಲ್ಪಿಗೂ ಇದಕ್ಕಿಂತ ಅನುಕೂಲವಾದ ವಸ್ತು ಬೇರೆ ಬೇಕೆ?

ಬಹುಕಾಲದ ಮೇಲೆ ಕಂದಾಯದ ಕಡತಗಳು ಇನ್ನೊಂದು ಮಾತನ್ನು ತಂದುವು: ಬೇಚಿರಾಕ್. ಇದು ಪಾರಸಿ ಮಾತು. ದೀಪವಿಲ್ಲದ್ದು ಎಂದು ಇದರ ಅರ್ಥ. ಜನ ಬಿಟ್ಟುಹೋದ ಗ್ರಾಮವನ್ನು ಶಾನುಭೋಗರು ಹೀಗೆ ಬರೆದುಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಊರುಂಟು, ಎಲ್ಲೆಯುಂಟು, ಸರ್ವೆ ನಂಬರುಗಳುಂಟು; ಸಂಜೆಗೆ ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ. ಕಡತಕ್ಕೆ ಸೇರಿದ ಈ ಮಾತಿನಲ್ಲಿ ಎಷ್ಟೋ ಕವಿತೆಗಳಲ್ಲಿಲ್ಲದ ಕವಿತ್ವವಿದೆ. ಆದರೆ ಇದೂ ಸಹ ಮುಗಿದುಹೋದುದರ ಹೆಸರೇ ಹೊರತು ಮುಗಿಯುತ್ತಿರುವುದರ ಹೆಸರಲ್ಲ.

ಈ ಎರಡು ಮಾತುಗಳಿಗೂ ನಿಲುಕದ ಮೂರನೆಯ ಅವಸ್ಥೆಯೊಂದು ಈಚೆಗೆ ಒದಗಿದೆ. ಹಿಂದೆ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರ ಗಣತಿಯಂತೆ 11,40,905 ಜನರಿದ್ದರು, 2011ರಲ್ಲಿ 11,37,961. ಇಳಿದವರ ಸಂಖ್ಯೆ ಮೂರು ಸಾವಿರಕ್ಕೂ ಕಡಮೆ. ಆದರೆ ಆ ಹತ್ತು ವರ್ಷಗಳಲ್ಲಿ ಕರ್ನಾಟಕದ ಮೂವತ್ತು ಜಿಲ್ಲೆಗಳ ಪೈಕಿ ಜನ ಕಡಮೆಯಾದುದು ಇದೊಂದರಲ್ಲಿಯೇ. ಗಂಡಸರು ಸಾವಿರಕ್ಕೆ ಹೆಂಗಸರು 1008 ಎಂಬ ಅಂಕಿಯೂ ದುಡಿಯುವ ವಯಸ್ಸಿನ ಗಂಡಸರು ಹೊರಗಿರುವುದನ್ನು ಸ್ವಲ್ಪಮಟ್ಟಿಗೆ ಸೂಚಿಸುತ್ತದೆ. ಜನ ಇಳಿದುದು ಇದೇ ಮೊದಲೇನೂ ಅಲ್ಲ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50 ಲಕ್ಷ 55 ಸಾವಿರದಿಂದ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಬಿದ್ದಿತು. ಮುಂದೆ 1898ರಿಂದ ಪ್ಲೇಗು, 1918ರಲ್ಲಿ ಇನ್‌ಫ್ಲುಯೆಂಜ, ಮಲೆನಾಡಿನಲ್ಲಿ ಎಂದಿನ ಚಳಿಜ್ವರ. ಆಗ ಇಳಿತದ ಕಾರಣವನ್ನು ಬೆರಳಿಟ್ಟು ತೋರಿಸಬಹುದಾಗಿತ್ತು. 2001ಕ್ಕೂ 2011ಕ್ಕೂ ನಡುವೆ ಬರಗಾಲದ ಸಾವಿಲ್ಲ, ಮಾರಿಯಿಲ್ಲ. ಕಾಫಿಯ ಬೆಲೆ ಕುಸಿದ ಕೆಲವು ವರ್ಷಗಳುಂಟು. ಓದಿದ ಮಕ್ಕಳು ಬೆಂಗಳೂರಿಗೆ ಹೋದದ್ದುಂಟು. ಹುಟ್ಟುವ ಮಕ್ಕಳೇ ಕಡಮೆಯಾದದ್ದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಇಂಥ ಊರು ಅಳಿದಿಲ್ಲ, ಬೇಚಿರಾಕೂ ಆಗಿಲ್ಲ. ದೀಪ ಸಂಜೆಗೆ ಸರಿಯಾಗಿ ಹೊತ್ತಿಕೊಳ್ಳುತ್ತದೆ. ಹಚ್ಚುವ ಕೈಗೆ ಎಪ್ಪತ್ತು ವರ್ಷ.

ಈ ಅವಸ್ಥೆಯನ್ನು ಕನ್ನಡದ ಕಥನ ಸಾಹಿತ್ಯವು ಎಷ್ಟರಮಟ್ಟಿಗೆ ಕಂಡಿದೆ ಎಂಬುದು ವಿಚಾರಾರ್ಹ. ಹಳ್ಳಿಯನ್ನು ಬಿಟ್ಟು ಹೋಗುವವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಮರಳಿ ಬರುವವರ ಕಥೆಗೂ ಕೊರತೆಯಿಲ್ಲ. ಉಳಿದುಕೊಂಡು ಮುದುಕರಾಗುವವರ ಕಥೆ ಬೇರೆಯೇ ಆದದ್ದು. ಅದನ್ನು ನಮ್ಮ ಕಾದಂಬರಿಕಾರರು ಎದುರಿನಿಂದ ನೋಡಿದ್ದು ಅಪರೂಪ. ನೋಡಿದ ಕಡೆಗಳಲ್ಲಿಯೂ ವಿಮರ್ಶೆಯು ಅದನ್ನು ಮತ್ತೊಂದು ಕಥೆಯಾಗಿ ಓದಿಕೊಂಡಿದೆ.

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯ ಹೆಸರನ್ನೇ ತೆಗೆದುಕೊಳ್ಳೋಣ. ಅಂಬುಧಿಯೆಂದರೆ ಸಮುದ್ರ. ಬಯಲುಸೀಮೆಯ ದೊಡ್ಡ ಕೆರೆಗಳಿಗೆ ಸಮುದ್ರ, ಸಾಗರ, ಅಂಬುಧಿ ಎಂದು ಹೆಸರಿಡುವುದು ನಮ್ಮವರ ಹಳೆಯ ರೂಢಿ. ಕೆರೆಯ ಹೆಸರೇ ಊರಿನ ಹೆಸರಾಗಿ ನಿಲ್ಲುವುದೂ ಅಷ್ಟೇ ಹಳೆಯದು. ಕೆರೆಯೆಂಬುದು ಕಟ್ಟಿ ಬಿಟ್ಟರೆ ಆಯಿತೆನ್ನುವ ವಸ್ತುವಲ್ಲ. ಏರಿ, ತೂಬು, ಕೋಡಿ, ಕಾಲುವೆಗಳಿಗೆ ವರ್ಷವರ್ಷವೂ ಕೈಗಳು ಬೇಕು. ಹೂಳೆತ್ತಲು ಊರಿಗೆ ಊರೇ ಬೇಕು. ಆದುದರಿಂದ ಅಂಬುಧಿಯೆಂದು ಕರೆಸಿಕೊಂಡ ಊರಿನ ಹೆಸರಿನಲ್ಲಿಯೇ ಜನಬಲದ ಭರವಸೆಯೊಂದು ಅಡಗಿದೆ.

ಈ ಹಿನ್ನೆಲೆಯಲ್ಲಿ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ನೆನೆಯಬೇಕು. ಅದನ್ನು ತ್ಯಾಗದ ಗೀತವೆಂದೂ ಬಲಿಯ ಕ್ರೌರ್ಯದ ಗೀತವೆಂದೂ ಪಂಡಿತರು ಓದಿದ್ದಾರೆ, ಎರಡೂ ಸರಿಯೆ. ಆದರೆ ಮನೆಯೊಂದರ ಜನರ ಲೆಕ್ಕವೂ ಅದರೊಳಗಿದೆಯೆಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬಂದಿಲ್ಲ. ಕಲ್ಲನಕೇರಿಯ ಮಲ್ಲನಗೌಡನು ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ, ಸೊಸೆಯೊಬ್ಬಳನ್ನು ಕೊಡಬೇಕಾಗುತ್ತದೆ. ಹಿರಿಯಳನ್ನು ಕೊಟ್ಟರೆ ಮನೆತನ ನಡೆಯುವುದು ಹೇಗೆಂದು ಯೋಚಿಸಿ ಕಿರಿಯ ಸೊಸೆ ಭಾಗೀರತಿಯನ್ನು ಆರಿಸುತ್ತಾರೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯನು ಬಂದವನೇ ಅದೇ ಕೆರೆಗೆ ಹಾರುತ್ತಾನೆ. ಕೊನೆಗೆ ಹಿರಿಯರಿಗೆ ತುಂಬಿದ ಕೆರೆ ದೊರೆಯಿತು. ಕಿರಿಯ ಜೋಡಿ ಹೋಯಿತು. ಸೊಸೆಯಂದಿರು ತುಂಬಿದ ಮನೆ ಮಾತ್ರ ಇಂಥ ಲೆಕ್ಕ ಹಾಕಬಲ್ಲುದು. ಒಬ್ಬನೇ ಮಗನಿದ್ದು, ಅವನೂ ದೂರದಲ್ಲಿದ್ದು, ಸೊಸೆಯು ಹಬ್ಬಕ್ಕೆ ಮಾತ್ರ ಬರುವ ಮನೆಯಲ್ಲಿ ಈ ಗೀತವನ್ನು ಹಾಡಿದರೆ ಅದರ ಶೋಕ ಯಾವ ಕಡೆಗೆ ತಿರುಗೀತು?

ಕಾದಂಬರಿಗಳಿಗೆ ಬಂದರೆ ಮೊದಲು ಕಾಣುವುದು ಹೊರಗಿನಿಂದೆರಗುವ ವಿಪತ್ತಿನ ಚಿತ್ರ. ಭೈರಪ್ಪನವರ ‘ಗೃಹಭಂಗ’ (1970) ಇದಕ್ಕೆ ಪ್ರಬಲವಾದ ನಿದರ್ಶನ. ಇಲಿ ಬಿದ್ದಿತೆಂದು ತಿಳಿದೊಡನೆ ರಾಮಸಂದ್ರದ ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಿಲು ಹಾಕಿಕೊಳ್ಳುತ್ತಾರೆ. ಊರು ಬರಿದಾಗುತ್ತದೆ, ಆದರೆ ಕೆಲವು ತಿಂಗಳ ಮಟ್ಟಿಗೆ. ಮಾರಿ ಕಳೆದ ಮೇಲೆ ಬಾಗಿಲುಗಳು ತೆರೆಯುತ್ತವೆ. ಒಳಕ್ಕೆ ಬರುವವರ ಎಣಿಕೆ ಮಾತ್ರ ಕಡಮೆ. ನಂಜಮ್ಮನ ಮಕ್ಕಳಲ್ಲಿ ಇಬ್ಬರನ್ನು ಪ್ಲೇಗು ನುಂಗುವ ಅಧ್ಯಾಯಗಳ ನಿರ್ಲಿಪ್ತ ಶೈಲಿಗೆ ಸಮಾನವಾದುದು ಕನ್ನಡದಲ್ಲಿ ಹೆಚ್ಚಾಗಿಲ್ಲ. ಗಂಡನ ಹೆಸರಿನ ಶಾನುಭೋಗಿಕೆಯ ಲೆಕ್ಕವನ್ನು ಬರೆಯುವವಳು ಈ ನಂಜಮ್ಮನೇ ಎಂಬುದೂ ಗಮನಿಸತಕ್ಕ ಅಂಶ. ಬೇಚಿರಾಕ್ ಎಂಬ ಮಾತನ್ನು ಬರೆಯುವ ವರ್ಗದ ಕೈ ಇಲ್ಲಿ ತನ್ನ ಮನೆಯ ನಷ್ಟವನ್ನು ಯಾವ ಕಲಮಿನಲ್ಲಿಯೂ ಬರೆಯಲಾರದೆ ಹೋಗುತ್ತದೆ. ನಾ. ಡಿಸೋಜ ಅವರು ಶರಾವತಿಯ ಮುಳುಗಡೆಯನ್ನು ಕುರಿತು ಬರೆದ ಕಾದಂಬರಿಗಳು ಇದೇ ವರ್ಗಕ್ಕೆ ಸೇರತಕ್ಕವು. ಅಲ್ಲಿ ವಿಪತ್ತು ಸರ್ಕಾರದ ನೋಟೀಸಿನ ರೂಪದಲ್ಲಿ ಬರುತ್ತದೆ. ಎರಡರಲ್ಲಿಯೂ ಹಳೆಯ ಊರಳಿವಿನ ಚೌಕಟ್ಟು ಉಳಿದೇ ಇದೆ: ವಿಪತ್ತಿಗೆ ಒಂದು ತಾರೀಖು ಇದೆ, ಎದುರಾಳಿಗೆ ಒಂದು ಮುಖವಿದೆ.

ಸಾಲದ ದಾರಿಯಿಂದ ಮನೆ ಬರಿದಾಗುವ ಕಥೆ ಕಾರಂತರ ‘ಚೋಮನ ದುಡಿ’ (1933). ಚನಿಯ, ಗುರುವ ಇಬ್ಬರೂ ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬನು ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬನು ಮದುವೆಯಾಗಿ ಅಲ್ಲಿಯೇ ನಿಲ್ಲುತ್ತಾನೆ. ಘಟ್ಟದ ಮೇಲಿನ ನಾಡು ತನ್ನ ಕಡಮೆಯಾದ ಕೈಗಳನ್ನು ಘಟ್ಟದ ಕೆಳಗಿನ ಗುಡಿಸಿಲುಗಳಿಂದ ತುಂಬಿಕೊಂಡ ಕ್ರಮ ಇಲ್ಲಿ ನಾಲ್ಕು ಮಾತುಗಳಲ್ಲಿಯೇ ತಿಳಿದುಬರುತ್ತದೆ. ನೇಗಿಲನ್ನು ಮುರಿದು, ಎತ್ತುಗಳನ್ನು ಕಾಡಿಗೆ ಬಿಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುವ ಚೋಮನು ಬೇಸಾಯಗಾರನಾಗಬೇಕೆಂಬ ಆಸೆ ಕೈಗೂಡದವನು ಎಂಬುದೇ ವಿಮರ್ಶೆಯ ಸಾಮಾನ್ಯ ಮಾತು. ಐದು ಮಕ್ಕಳ ತಂದೆಯು ಸಾಯುವಾಗ ಮನೆಯಲ್ಲಿ ಒಬ್ಬನೇ ಇದ್ದನೆಂಬುದು ಅದಕ್ಕೆ ಕಡಮೆಯಾದ ವಿಷಯವಲ್ಲ. ಜಾತಿಯು ಅವನಿಗೆ ನೆಲವನ್ನು ಕೊಡಲಿಲ್ಲ. ಸಾಲವು ಮಕ್ಕಳನ್ನು ಉಳಿಸಲಿಲ್ಲ. ಮುಪ್ಪಿನಲ್ಲಿ ಒಂಟಿಯಾಗುವುದೆಂಬುದು ನೆಲವುಳ್ಳವನಿಗೆ ಒಂದು ಬಗೆ, ನೆಲವಿಲ್ಲದವನಿಗೆ ಮತ್ತೊಂದು ಬಗೆ ಎಂಬ ಈ ಭೇದವನ್ನು ಕಾರಂತರ ಮುಂದಿನ ಕಾದಂಬರಿಗಳನ್ನು ಓದುವಾಗ ಮರೆಯತಕ್ಕದ್ದಲ್ಲ.

1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ಯ ಹೆಸರೇ ಒಂದು ತೀರ್ಪಿನಂತಿದೆ. ಮೂರು ತಲೆಮಾರುಗಳ ಈ ಕಥೆಯಲ್ಲಿ ಐತಾಳರ ಮನೆಯಿಂದಲೂ ನೆರೆಯ ಶೀನಮಯ್ಯನ ಮನೆಯಿಂದಲೂ ಮಕ್ಕಳು ಹೊರಡುತ್ತಾರೆ: ಒಂದು ಮನೆಯವರು ಬೆಂಗಳೂರಿನ ಹೋಟೆಲಿಗೆ, ಇನ್ನೊಂದು ಮನೆಯವನು ವಿದ್ಯೆಗೆ. ಲಚ್ಚನು ಕೆಡುತ್ತಾನೆ, ಅವನ ಮಗ ರಾಮನು ಮದರಾಸು, ಮುಂಬಯಿಗಳನ್ನು ಕಂಡು ಕಡಲತಡಿಯ ಕೋಡಿಗೆ ಹಿಂದಿರುಗುತ್ತಾನೆ. ಈ ಹಿಂದಿರುಗುವಿಕೆಯಲ್ಲಿ ಕಾದಂಬರಿಯ ದರ್ಶನವಿದೆಯೆಂದು ಅನೇಕರು ಹೇಳಿದ್ದಾರೆ. ಗ್ರಂಥಕರ್ತರ ಉದ್ದೇಶವೂ ಅದೇ ಇದ್ದೀತು. ಆದರೂ ಕಾದಂಬರಿಯನ್ನು ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ನಿಲ್ಲುವವರು ರಾಮನಲ್ಲ. ಪಾರೋತಿ, ಸರಸೋತಿ, ನಾಗವೇಣಿಯರು. ಮಳೆಗಾಲದ ಹೊಳೆಯಲ್ಲಿ ತೇಲಿಬರುವ ಸೌದೆಯನ್ನು ಹಿಡಿದು ಒಟ್ಟುವ, ಗದ್ದೆಯ ಕೆಸರಿನಲ್ಲಿ ನಿಂತು ನೇಜಿ ನೆಡುವ ಆ ಹೆಂಗಸರ ದುಡಿತದಿಂದಲೇ ಮನೆಯೆಂಬುದು ನಿಂತಿದೆ. ಮರಳಲು ಮಣ್ಣು ಉಳಿದಿರಬೇಕಷ್ಟೆ. ಅದನ್ನು ಉಳಿಸಿದವರು ಎಲ್ಲಿಗೂ ಹೋಗದವರು. ಅವರಿಗೆ ಮರಳುವ ಪ್ರಶ್ನೆಯೇ ಇಲ್ಲ. ಕಾದಂಬರಿಯ ಹೆಸರು ಹೋದವನ ಕಡೆಗೆ ನೋಡುತ್ತದೆ, ಅದರ ಸತ್ತ್ವ ಉಳಿದವರ ಕಡೆಗಿದೆ. ರಾಮನ ಹಿಂದಿರುಗುವಿಕೆಯು ಅಸಂಭವವೆಂದಲ್ಲ. ಅದು ಒಬ್ಬನ ನಿರ್ಧಾರ. ನೂರು ಮನೆಗಳಲ್ಲಿ ಒಂದಕ್ಕೆ ರಾಮನು ಬಂದಾನು. ಉಳಿದ ತೊಂಬತ್ತೊಂಬತ್ತು ಮನೆಗಳ ವಿಷಯದಲ್ಲಿ ಈ ಮುಕ್ತಾಯವು ಓದುಗನನ್ನು ಬಹು ಬೇಗ ಸಮಾಧಾನಪಡಿಸುತ್ತದೆ.

ಆ ಸಮಾಧಾನವನ್ನು ಕಾರಂತರೇ ‘ಬೆಟ್ಟದ ಜೀವ’ದಲ್ಲಿ (1943) ಹಿಂತೆಗೆದುಕೊಂಡರೆಂದರೆ ಅತಿಶಯೋಕ್ತಿಯಾಗಲಾರದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರವಾಸಿಯೊಬ್ಬನನ್ನು ದೇರಣ್ಣ, ಬಟ್ಯರು ಕೆಳಬೈಲಿನ ಗೋಪಾಲಯ್ಯನ ಮನೆಗೆ ಕರೆದುತರುತ್ತಾರೆ. ಗೋಪಾಲಯ್ಯ, ಶಂಕರಿ ಎಂಬ ಮುದಿ ದಂಪತಿಗಳು. ಮನೆಬಿಟ್ಟು ಹೋದ ಮಗ ಶಂಭು. ಕಾಡು ಕಡಿದು ಮಾಡಿದ ಕಾಟುಮೂಲೆಯ ತೋಟದಲ್ಲಿ ಗೋಪಾಲಯ್ಯನು ನೆಲೆಗೊಳಿಸಿದ ನಾರಾಯಣ, ಅವನ ಹೆಂಡತಿ ಲಕ್ಷ್ಮಿ. ಅತಿಥಿಯು ಕೆಲವು ದಿನ ನಿಲ್ಲುತ್ತಾನೆ, ಹೊರಡುತ್ತಾನೆ. ಇಷ್ಟೇ ಕಥೆ. ಇದನ್ನು ಪ್ರಕೃತಿಯೊಡನೆ ಸೆಣಸಿ ಗೆದ್ದ ಪುರುಷಪ್ರಯತ್ನದ ಕಾವ್ಯವೆಂದು ಕೊಂಡಾಡುವುದು ವಾಡಿಕೆ. ಪಾಠ ಹೇಳುವವರು ಸಾಮಾನ್ಯವಾಗಿ ಹುಲಿ, ಆನೆ, ಮಳೆ, ಅಡಕೆಯ ತೋಟ ಇವುಗಳ ವರ್ಣನೆಯನ್ನು ಎತ್ತಿ ತೋರಿಸುತ್ತಾರೆ. ಆ ವರ್ಣನೆ ಎಷ್ಟೇ ಸೊಗಸಾಗಿದ್ದರೂ ಕಾದಂಬರಿಯ ಎದೆಯಲ್ಲಿರುವುದು ಗೆಲವಲ್ಲ. ಗೆದ್ದ ನೆಲವನ್ನು ಯಾರ ಕೈಗೆ ಕೊಡುವುದೆಂಬ ಪ್ರಶ್ನೆ ಅಲ್ಲಿ ಮಿಡಿಯುತ್ತಿದೆ.

ಈ ಪ್ರಶ್ನೆಯನ್ನು ಗೋಪಾಲಯ್ಯನು ದುಃಖದ ಮಾತಿನಲ್ಲಿ ಎತ್ತುವುದು ಕಡಮೆ. ಅವನು ಮಾತುಗಾರ, ನಗೆಗಾರ. ಹೆಂಡತಿಯನ್ನು ಕೆಣಕುತ್ತ, ಅವಳಿಂದ ಕೆಣಕಿಸಿಕೊಳ್ಳುತ್ತ ಕಾಲ ಕಳೆಯುವವನು. ಶೋಕವು ಪ್ರಕಟವಾಗುವ ಬಗೆಯೇ ಬೇರೆ. ಬಂದವನಿಗೆ ಹಂಡೆಯ ತುಂಬ ಬಿಸಿನೀರು, ಮೇಲಿಂದ ಮೇಲೆ ಉಪಚಾರ, ಇನ್ನೂ ಎರಡು ದಿನ ನಿಲ್ಲೆಂಬ ಒತ್ತಾಯ: ಇದೆಲ್ಲವೂ ಮಲೆನಾಡಿನ ಆತಿಥ್ಯವೆಂದು ಓದಿಕೊಂಡು ಹೋಗುವ ವಾಚಕನಿಗೆ ಕೆಲವು ಪುಟಗಳ ಮೇಲೆ, ಈ ಎಡೆ ಮತ್ತೊಬ್ಬನಿಗಾಗಿ ಇಟ್ಟದ್ದೆಂದು ಹೊಳೆಯುತ್ತದೆ. ಅಪರಿಚಿತನನ್ನು ಶಂಕರಿ ಮಗನಂತೆ ನೋಡಿಕೊಳ್ಳುವುದರಲ್ಲಿ ಮಗನ ಗೈರುಹಾಜರಿಯ ಅಳತೆ ಸಿಕ್ಕುತ್ತದೆ. ಆತಿಥ್ಯವು ಹೆಚ್ಚಿದಷ್ಟೂ ಮನೆಯ ಬರಿದು ಹೆಚ್ಚಾಗಿ ಕಾಣುತ್ತದೆ. ಕಣ್ಣೀರಿನ ಒಂದು ಅಧ್ಯಾಯವನ್ನು ಬರೆಯದೆ ಕಾರಂತರು ಇದನ್ನು ಸಾಧಿಸಿರುವುದು ಅವರ ಕಲೆಯ ಹಿರಿಮೆ. ಇಲ್ಲಿ ಅವರು ‘ಮರಳಿ ಮಣ್ಣಿಗೆ’ಯ ಕರ್ತೃವಿಗಿಂತಲೂ ಕಠಿನರು: ಮಗನು ಕೊನೆಯವರೆಗೂ ಬರುವುದಿಲ್ಲ.

ನಾರಾಯಣನ ಪಾತ್ರಕ್ಕೆ ವಿಮರ್ಶೆಯಲ್ಲಿ ಸಿಕ್ಕಬೇಕಾದ ಸ್ಥಾನ ಸಿಕ್ಕಿಲ್ಲ. ಅವನು ಮಗನ ಬದಲಿಗೆ ಇರುವವನು, ಆದರೆ ಮಗನಲ್ಲ. ಬೆವರು ಅವನದು, ಶಂಭುವು ನಾಳೆ ಬಂದು ನಿಂತರೆ ನೆಲ ಯಾರದು? ಹೆಂಡತಿ ಮಕ್ಕಳುಳ್ಳವನಿಗೆ ಈ ಸಂಶಯ ಬರುವುದು ಕೃತಘ್ನತೆಯಲ್ಲ. ಗೋಪಾಲಯ್ಯನಿಗೋ ಆ ಸಂಶಯವೇ ನೋವು. ಏಕೆಂದರೆ ನೆಲವನ್ನು ನಾರಾಯಣನಿಗೆ ಗಟ್ಟಿಮಾಡುವುದೆಂದರೆ ಶಂಭುವು ಬರುವುದಿಲ್ಲವೆಂದು ತನ್ನ ಬಾಯಿಂದಲೇ ಒಪ್ಪಿದಂತೆ. ಆಸ್ತಿಯ ಮಾತು ಹೀಗೆ ಎದೆಯ ಮಾತಾಗುವ ಸಂದರ್ಭಗಳು ಕನ್ನಡದಲ್ಲಿ ವಿರಳ. ಹಳ್ಳಿಯ ಮುಪ್ಪನ್ನು ಕುರಿತು ಬರೆಯುವವರು ಮಮತೆ, ಒಂಟಿತನ, ನೆನಪು ಎಂಬ ಭಾವಗಳ ಸುತ್ತಲೇ ಸುಳಿಯುವುದುಂಟು. ಕಾರಂತರಿಗೆ ತಿಳಿದಿತ್ತು: ಮುದುಕನ ಎದುರಿಗಿರುವ ಮೊದಲ ಪ್ರಶ್ನೆ ನಾಳೆ ತೋಟಕ್ಕೆ ನೀರು ಬಿಡುವವರಾರು ಎಂಬುದು.

ಈ ಪ್ರಶ್ನೆಯ ಮುಂದಿನ ಅಧ್ಯಾಯವನ್ನು ಕಾದಂಬರಿ ಬರೆಯಲಿಲ್ಲ; ಕಾನೂನು ಬರೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯ ಪದ್ಧತಿಯನ್ನು ರದ್ದುಮಾಡಿ ಉಳುವವನಿಗೆ ನೆಲದ ಒಡೆತನವನ್ನು ಕೊಟ್ಟಿತು. ನ್ಯಾಯದ ದೃಷ್ಟಿಯಿಂದ ಅದು ನಾರಾಯಣನ ಕಡೆಯ ತೀರ್ಪು. ಚೋಮನ ವಂಶದವರಿಗೆ ಅದರಿಂದ ಎಷ್ಟು ದಕ್ಕಿತೆಂಬುದು ಬೇರೆ ವಿಚಾರ. ಆದರೆ ಅಂದಿನಿಂದ ಭಯವು ಪಕ್ಷ ಬದಲಿಸಿತು. ಗೇಣಿಗೆ ಕೊಡುವುದು ನಿಷಿದ್ಧವಾದ ಮೇಲೆ, ದುಡಿಯಲಾರದ ಮುದುಕನು ನೆರೆಯವನಿಗೆ ಹೊಲವನ್ನು ಬಾಯಿಮಾತಿನಲ್ಲಿ ಕೊಡಬೇಕು, ಇಲ್ಲವೆ ಬೀಳು ಬಿಡಬೇಕು. ಗೋಪಾಲಯ್ಯನು ಕಾಡನ್ನು ತೋಟ ಮಾಡಿದನು. ಅವನ ಮೊಮ್ಮಕ್ಕಳ ಕಾಲದ ಮುದುಕನು ತೋಟವು ಹಾಳು ಬೀಳುವುದನ್ನು ಜಗಲಿಯ ಮೇಲೆ ಕುಳಿತು ನೋಡುತ್ತಾನೆ. ಈ ನೋಟಕ್ಕೆ ‘ಬೆಟ್ಟದ ಜೀವ’ಕ್ಕೆ ಸಮನಾದ ಕೃತಿಯೊಂದು ಹುಟ್ಟಬೇಕಾಗಿದೆ.

‘ಬೆಟ್ಟದ ಜೀವ’ದಲ್ಲಿಯೂ ಒಂದು ಕೊರತೆಯುಂಟು, ಅದು ಕಥನಕ್ರಮದಲ್ಲಿಯೇ ಸೇರಿಕೊಂಡದ್ದು. ಕಥೆಯನ್ನು ಹೇಳುವವನು ಅತಿಥಿ. ಅವನಿರುವಷ್ಟು ದಿನ ಮನೆಯು ಹಬ್ಬದ ಮನೆ. ಅತಿಥಿಯ ಕಣ್ಣಿಗೆ ಬೀಳುವುದು ಮಾತಾಡುವ ಗೋಪಾಲಯ್ಯ, ಬಡಿಸುವ ಶಂಕರಿ. ಆನಂದರ ‘ನಾನು ಕೊಂದ ಹುಡುಗಿ’ಯಲ್ಲಿಯೂ ಹಳ್ಳಿಯನ್ನು ಕಾಣುವವನು ಹೊರಗಿನಿಂದ ಬಂದ ಅತಿಥಿಯೇ, ಅಲ್ಲಿ ಆ ಕಣ್ಣಿನ ಕುರುಡೇ ಕಥೆಯ ವಸ್ತುವಾಯಿತು, ಅತಿಥಿಯ ಹಿತವಚನವೇ ಹುಡುಗಿಯ ಸಾವಿಗೆ ಕಾರಣವಾಯಿತು. ಕಾರಂತರ ಅತಿಥಿಯು ಅಷ್ಟು ಅಪಾಯಕಾರಿಯಲ್ಲ, ಒಳ್ಳೆಯ ಕೇಳುಗ. ಆದರೂ ಅವನು ಹೊರಟುಹೋದ ಮಾರನೆಯ ಸಂಜೆ ಆ ಮನೆ ಹೇಗಿತ್ತೆಂಬುದನ್ನು ಅವನು ಹೇಳಲಾರ.

ಆನಂದರ ಹೆಸರಿನ ಜೊತೆಯಲ್ಲಿ ಅಜ್ಜಂಪುರವಿದೆ. ಅವರು ಅಜ್ಜಂಪುರ ಸೀತಾರಾಮ್. ಅವರ ಕಥೆಗಳ ಕ್ಷೇತ್ರ ಬಹುಮಟ್ಟಿಗೆ ದಾಂಪತ್ಯದ್ದು, ಮಾನಸಗಮ್ಯವಾದ ಸೂಕ್ಷ್ಮಗಳದ್ದು. ಅವರ ಹೆಸರಿನ ಊರಿನ ಸುತ್ತಲಿನ ಸೀಮೆಗೆ, ಎಂದರೆ ಬುಕ್ಕಾಂಬುಧಿಯಿಂದ ಶಿವನಿಯವರೆಗಿನ ಈ ಬಯಲಿಗೆ, ತನ್ನದೆನ್ನಬಹುದಾದ ಕಾದಂಬರಿಯೊಂದು ಪ್ರಸಿದ್ಧಿಗೆ ಬಂದಿಲ್ಲ. ಒಂದೇ ಜಿಲ್ಲೆಯಾದರೂ ಮಲೆನಾಡಿನ ಪಾಲಿಗೆ ಕುವೆಂಪು ಬಂದರು, ತೇಜಸ್ವಿ ಬಂದರು. ಮೋಡವೂ ಕಾಡೂ ತಮ್ಮಷ್ಟಕ್ಕೆ ತಾವೇ ಲೇಖಕನನ್ನು ಕರೆಯುತ್ತವೆ. ಬಯಲಿಗೆ ಆ ಅನುಕೂಲವಿಲ್ಲ. ರಾಗಿಯ ಹೊಲ, ಈರುಳ್ಳಿಯ ಹೊಲ, ತೆಂಗು ಅಡಕೆಯ ತುಂಡುಗಳು, ಅಮೃತಮಹಲ್ ದನಗಳ ಕಾವಲು, ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಅಜ್ಜಂಪುರದ ಮೇಲೆ ಹಾದುಹೋಗುವ ರೈಲುಹಾದಿ: ಇಲ್ಲಿ ಕಣ್ಣು ಸೆಳೆಯುವ ರಮ್ಯತೆ ಏನಿದೆ? ಮನೆ ಬಿಟ್ಟು ಹೋಗುವವನು ಇಲ್ಲಿ ಕಾಡಿನಲ್ಲಿ ಮಾಯವಾಗುವುದಿಲ್ಲ. ಚೀಟಿ ತೆಗೆದುಕೊಂಡು ಹಗಲಿನಲ್ಲಿಯೇ ರೈಲು ಹತ್ತುತ್ತಾನೆ, ತಿಂಗಳಿಗೊಮ್ಮೆ ಹಣ ಕಳುಹಿಸುತ್ತಾನೆ, ಜಾತ್ರೆಗೆ ಬರುತ್ತಾನೆ. ಶಂಭುವಿನಂತೆ ಕಳೆದುಹೋಗದ ಈ ಮಗನನ್ನು ಕುರಿತು ಶೋಕಿಸುವುದಕ್ಕೂ ಮುದುಕರಿಗೆ ಅಧಿಕಾರವಿಲ್ಲ. ಇಂಥ ಶೋಕಕ್ಕೆ ಅತಿಥಿಯ ಕಣ್ಣು ಸಾಲದು.

ಕಂದಾಯ ಇಲಾಖೆಯು ಮಾತ್ರ ತನ್ನ ಕೆಲಸವನ್ನು ಮುಂದುವರಿಸಿದೆ. ದೀಪವಿಲ್ಲದ ಊರಿಗೆ ಹೆಸರಿಟ್ಟುದು ಆ ಇಲಾಖೆಯ ಕಡತ. 2007ರಲ್ಲಿ ಅರುವತ್ತೈದು ದಾಟಿದ ಬಡವರಿಗೆ ಮಾಸಾಶನ ಕೊಡುವ ಯೋಜನೆಯು ಆರಂಭವಾದಾಗ, ಅದರ ಅರ್ಜಿಗಳು ಸೇರಿದ್ದೂ ಅದೇ ಕಡತಕ್ಕೆ. ಯೋಜನೆಯ ಹೆಸರು ಸಂಧ್ಯಾ ಸುರಕ್ಷಾ.